ಬಾರ್ ಕೌಂಟರಿನಿಂದ ಹೊಟೇಲು ಆಡಳಿತದವರೆಗೆ: ಹೇಳಿಕೊಳ್ಳಲು ಸಂಕೋಚಪಡುವ ಕೆಲಸವೇ ಮೆಟ್ಟಿಲಾದಾಗ

ಮುಂಬಯಿ: ಊರಿನಲ್ಲಿ ಮದುವೆ ಮಾತುಕತೆಯ ಹೊತ್ತಿಗೆ "ಹುಡುಗನಿಗೆ ಏನು ಕೆಲಸ?" ಎಂದು ಕೇಳಿದರೆ "ಮುಂಬಯಿಯಲ್ಲಿ ಹೊಟೇಲಿನಲ್ಲಿದ್ದಾನೆ" ಎಂಬ ಉತ್ತರ ಬರುತ್ತದೆ. ಯಾವ ಹೊಟೇಲು, ಅಲ್ಲಿ ಯಾವ ಕೆಲಸ ಎಂಬ ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೂ 'ಬಾರ್' ಎಂಬ ಶಬ್ದ ಹುಡುಗನ ಕಡೆಯವರ ಬಾಯಿಂದ ಬರುವುದು ಕಷ್ಟ. ಸಂಘದ ವಾರ್ಷಿಕೋತ್ಸವದ ವೇದಿಕೆಯಲ್ಲೂ ಅಷ್ಟೇ. 'ಹೊಟೇಲು ಉದ್ಯಮಿ' ಎಂದು ಸನ್ಮಾನಿಸಲ್ಪಡುವ ಹಿರಿಯರ ಪರಿಚಯ ಪತ್ರದಲ್ಲಿ ಕ್ಲೀನರ್ ಆಗಿದ್ದ ದಿನಗಳು ಅಭಿಮಾನದಿಂದ ಬರುತ್ತವೆ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆದ ದಿನಗಳೂ ಬರುತ್ತವೆ. ಆದರೆ ಪರ್ಮಿಟ್ ರೂಮಿನ ಕೌಂಟರಿನ ಹಿಂದೆ ನಿಂತು ಪೆಗ್ ಅಳೆದ ಐದಾರು ವರ್ಷಗಳು ಮಾತ್ರ ಹೇಗೋ ಜಾರಿಹೋಗುತ್ತವೆ.

ಹಾಗೆ ಜಾರಿಹೋಗುವ ಆ ವರ್ಷಗಳೇ ಅನೇಕರ ಪಾಲಿಗೆ ಹೊಟೇಲು ವ್ಯವಹಾರದ ನಿಜವಾದ ಪಾಠಶಾಲೆಯಾಗಿದ್ದವು. ಅಡುಗೆಮನೆಯವನಿಗೆ ಅಡುಗೆಮನೆ ಗೊತ್ತು. ವೈಟರ್‌ಗೆ ತನ್ನ ಪಾಲಿನ ನಾಲ್ಕು ಟೇಬಲು ಗೊತ್ತು. ಗಲ್ಲಾದಲ್ಲಿ ಕುಳಿತವನಿಗೆ ಬಿಲ್ಲು ಗೊತ್ತು. ದಾಸ್ತಾನು, ಹಣ, ಕಾನೂನು ಮತ್ತು ಗಿರಾಕಿಯ ಸ್ವಭಾವ, ಈ ನಾಲ್ಕೂ ಒಂದೇ ಕಡೆ ಸೇರುವ ಜಾಗ ಬಾರ್ ಕೌಂಟರು. ಅಲ್ಲಿ ನಿಂತವನು ಕಣ್ಣು ತೆರೆದಿಟ್ಟುಕೊಂಡರೆ ಮುಂದೆ ಇಡೀ ಹೊಟೇಲನ್ನು ನಡೆಸುವ ಕೆಲಸಕ್ಕೆ ತಯಾರಾಗುತ್ತಾನೆ. ಇಂದು ತೊಡಕಾಗಿರುವುದು ಆ ಕಲಿಕೆಯಲ್ಲಿ ಅಲ್ಲ, ಕಲಿತದ್ದಕ್ಕೆ ದಾಖಲೆ ಇಲ್ಲದಿರುವುದರಲ್ಲಿ.

ಪರ್ಮಿಟ್ ರೂಮಿಗೆ ನಮ್ಮವರು ಬಂದ ಬಗೆ

ಮುಂಬಯಿಯ ತುಳು-ಕನ್ನಡಿಗರ ಹೊಟೇಲು ಚರಿತ್ರೆ ಆರಂಭವಾಗುವುದು ಸಸ್ಯಾಹಾರದಿಂದ. ಮಾಟುಂಗಾ ರೈಲು ನಿಲ್ದಾಣದ ಬಳಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಯೆಲೆಯಲ್ಲಿ ಊಟ ಬಡಿಸುತ್ತಿದೆ. ಆ ಕಾಲದಲ್ಲಿ ಬಾರ್ ಎಂದರೆ ತಾಜ್‌ಮಹಲ್ ಹೊಟೇಲಿನಂತಹ ದೊಡ್ಡವರ ಜಾಗ. ಸ್ವಾತಂತ್ರ್ಯಾನಂತರ ಬಂದ 1949ರ ಬೊಂಬಾಯಿ ಪಾನನಿಷೇಧ ಕಾಯ್ದೆ ಅದಕ್ಕೂ ಬೀಗ ಹಾಕಿತು. ಮುಂದಿನ ಹಲವು ವರ್ಷ ಈ ನಗರದಲ್ಲಿ ಕುಡಿಯುವವರು ಗಲ್ಲಿಯೊಳಗಿನ 'ಆಂಟಿ'ಗಳ ಮನೆಗೆ ಹೋಗಬೇಕಿತ್ತು.

1960ರ ದಶಕದಿಂದ ಈ ಬಿಗಿ ಹಂತಹಂತವಾಗಿ ಸಡಿಲವಾಯಿತು. ಕಾಯ್ದೆ ಹೋಗಲಿಲ್ಲ, ಇಂದಿಗೂ ಇದೆ. ಆದರೆ 'ಪರ್ಮಿಟ್' ಇದ್ದವನು ಕುಡಿಯಬಹುದು ಎಂಬ ದಾರಿ ವಿಸ್ತಾರವಾಗುತ್ತ ಹೋಯಿತು. ಬೋರ್ಡಿನ ಮೇಲೆ 'ರೆಸ್ಟೋರೆಂಟ್ ಆಂಡ್ ಪರ್ಮಿಟ್ ರೂಮ್' ಎಂದು ಬರೆಯುವುದು ಈ ಕಾರಣಕ್ಕಾಗಿ. ಎಫ್‌ಎಲ್-3 ಎಂಬ ಪರವಾನಗಿ ಪಡೆದ ಊಟದ ಹೊಟೇಲು ವಿದೇಶಿ ಮಾದರಿಯ ಮದ್ಯವನ್ನು ಅಲ್ಲೇ ಕುಳಿತು ಕುಡಿಯಲು ಕೊಡಬಹುದು. ಮೀನಿನೂಟದ ಲಂಚ್ ಹೋಮ್‌ಗಳನ್ನು ನಡೆಸುತ್ತಿದ್ದ ದಕ್ಷಿಣ ಕನ್ನಡ-ಉಡುಪಿಯವರಿಗೆ ಇದು ಸಹಜವಾದ ಮುಂದಿನ ಹೆಜ್ಜೆಯಾಯಿತು. ಫೋರ್ಟ್ ಪರಿಸರದ ಮಹೇಶ್ ಲಂಚ್ ಹೋಮ್, ಅಪೂರ್ವ, ತೃಷ್ಣಾ ಮುಂತಾದ ಹೆಸರುಗಳು ಗಸ್ಸಿ, ಫ್ರೈಗಳಿಗೆ ಪ್ರಸಿದ್ಧವಾದರೂ ಅಲ್ಲಿ ಬಾರ್ ಕೂಡ ಇದೆ ಎಂಬುದು ಗಿರಾಕಿಗಳಿಗೆಲ್ಲ ಗೊತ್ತು. ಉಪನಗರಗಳಲ್ಲಿ ಸ್ಟೇಷನ್ ಪಕ್ಕದ ಸಾಧಾರಣ ಪರ್ಮಿಟ್ ರೂಮ್‌ಗಳನ್ನು ಜನ ಸುಮ್ಮನೆ 'ಶೆಟ್ಟಿ ಬಾರ್' ಎಂದೇ ಕರೆದರು. ಮಾಲಕರು ಪೂಜಾರಿಯವರೋ ಸಾಲಿಯಾನರೋ ಆಗಿದ್ದರೂ ಅದು ಶೆಟ್ಟಿ ಬಾರೇ!

ಬಂಡವಾಳಕ್ಕೆ ಚೀಟಿ ಇತ್ತು, ನೆಂಟರ ಕೈಗಡ ಇತ್ತು. ಬಳಿಕ ಸಮಾಜ ಬಾಂಧವರೇ ಕಟ್ಟಿದ ಬ್ಯಾಂಕುಗಳು ಬಂದವು. ಬಿಲ್ಲವರ ಅಸೋಸಿಯೇಶನ್‌ನ ಪ್ರಯತ್ನದಿಂದ 1978ರಲ್ಲಿ ಹುಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಇದಕ್ಕೆ ದೊಡ್ಡ ಉದಾಹರಣೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯವಸ್ಥೆ 'ಕಂಡಕ್ಟಿಂಗ್'. ಪರವಾನಗಿ ಒಬ್ಬರದ್ದು, ತಿಂಗಳಿಗೆ ಇಂತಿಷ್ಟು ಕೊಟ್ಟು ನಡೆಸುವವರು ಇನ್ನೊಬ್ಬರು. ಕೈಯಲ್ಲಿ ಕೋಟಿ ಇಲ್ಲದ, ಆದರೆ ವ್ಯವಹಾರ ಬಲ್ಲ ಕ್ಯಾಪ್ಟನ್ ಅಥವಾ ಬಾರ್‌ಮ್ಯಾನ್ ಮಾಲಕನಾಗುವ ಮೊದಲ ಬಾಗಿಲು ಅದು. ವ್ಯವಹಾರ ಬಲ್ಲವನು ಎಂಬ ಹೆಸರು ಬರುತ್ತಿದ್ದುದು ಕೌಂಟರಿನಲ್ಲಿ.

ಮೂವತ್ತು ಮಿಲಿಯ ಲೆಕ್ಕ

ಕೌಂಟರಿನಲ್ಲಿ ಕಲಿಯುವುದಾದರೂ ಏನು? ಹೊರಗಿನವರ ಕಣ್ಣಿಗೆ ಅದು ಬಾಟಲಿಯಿಂದ ಗ್ಲಾಸಿಗೆ ಸುರಿಯುವ ಕೆಲಸ. ಒಳಗಿನ ಲೆಕ್ಕ ಬೇರೆ.

ಒಂದು ಸಣ್ಣ ಪೆಗ್ ಎಂದರೆ 30 ಮಿಲಿ. 750 ಮಿಲಿಯ ಬಾಟಲಿಯಿಂದ 25 ಪೆಗ್ ಸಿಗಬೇಕು. ಕೈ ನಡುಗಿಯೋ ಗಿರಾಕಿಯ ಮೇಲಿನ ಪ್ರೀತಿಯಿಂದಲೋ ಪ್ರತಿ ಪೆಗ್ಗಿಗೆ ಎರಡೇ ಎರಡು ಮಿಲಿ ಹೆಚ್ಚು ಹೋದರೆ ಬಾಟಲಿಯೊಂದಕ್ಕೆ 50 ಮಿಲಿ ನಷ್ಟ. ದಿನಕ್ಕೆ ಹತ್ತು ಬಾಟಲಿ ಖಾಲಿಯಾಗುವ ಬಾರಿನಲ್ಲಿ ಅದು ಅರ್ಧ ಲೀಟರು, ಅಂದರೆ ಹದಿನಾರು ಪೆಗ್ಗಿನ ಹಣ. ಕಡಿಮೆ ಹಾಕಿದರೆ ನಿತ್ಯದ ಗಿರಾಕಿ ಒಂದೇ ಗುಟುಕಿಗೆ ಪತ್ತೆ ಹಚ್ಚುತ್ತಾನೆ, ಮರುದಿನ ಎದುರಿನ ಬಾರಿಗೆ ಹೋಗುತ್ತಾನೆ. ಹೊಟೇಲು ಕಾಲೇಜುಗಳಲ್ಲಿ 'ಬೆವರೇಜ್ ಕಾಸ್ಟ್ ಕಂಟ್ರೋಲ್' ಎಂಬ ಹೆಸರಿನಲ್ಲಿ ಕಲಿಸುವ ಪಾಠವನ್ನು ಪರ್ಮಿಟ್ ರೂಮಿನ ಹುಡುಗ ಮೊದಲ ತಿಂಗಳಲ್ಲೇ, ಅದೂ ಬೈಗುಳದೊಂದಿಗೆ ಕಲಿಯುತ್ತಾನೆ.

ಆಮೇಲೆ ಪುಸ್ತಕ. ಅಬಕಾರಿ ಇಲಾಖೆಯವರು ಯಾವ ಹೊತ್ತಿಗೂ ಬರಬಹುದು. ಬೆಳಿಗ್ಗೆ ಎಷ್ಟಿತ್ತು, ಎಷ್ಟು ಬಂತು, ಎಷ್ಟು ಹೋಯಿತು, ಉಳಿದದ್ದೆಷ್ಟು ಎಂಬುದು ಬ್ರಾಂಡ್‌ವಾರು, ಅಳತೆವಾರು ಬರೆದಿರಬೇಕು. ಕಪಾಟಿನಲ್ಲಿರುವ ಬಾಟಲಿಗೂ ಪುಸ್ತಕದ ಅಂಕಿಗೂ ತಾಳೆಯಾಗಬೇಕು. ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ, ವಿಸ್ಕಿ-ರಮ್ಮಿನಂತಹ ಗಡಸು ಮದ್ಯಕ್ಕೆ 25 ವರ್ಷ ತುಂಬಿರಬೇಕು ಎಂಬುದು ಕಾನೂನು. ಕಾಲೇಜು ಹುಡುಗರ ಗುಂಪು ಒಳಬಂದರೆ ಮುಖ ನೋಡಿ ವಯಸ್ಸು ಅಂದಾಜಿಸಿ, ಜಗಳವಾಗದಂತೆ ಗುರುತಿನ ಚೀಟಿ ಕೇಳುವುದು ಯಾವ ಪುಸ್ತಕದಲ್ಲೂ ಇಲ್ಲದ ವಿದ್ಯೆ. ಗಾಂಧಿ ಜಯಂತಿ, ಚುನಾವಣೆ ಮುಂತಾದ ಡ್ರೈ ಡೇಗಳ ಲೆಕ್ಕ, ಅದರ ಹಿಂದಿನ ದಿನದ ನೂಕುನುಗ್ಗಲಿಗೆ ಬೇಕಾದ ದಾಸ್ತಾನು, ಇವೆಲ್ಲ ತಲೆಯಲ್ಲಿರಬೇಕು.

ಎಲ್ಲಕ್ಕಿಂತ ಕಷ್ಟದ್ದು ಮನುಷ್ಯರನ್ನು ಓದುವುದು. ಕೆಲಸ ಕಳೆದುಕೊಂಡು ಬಂದವನು, ಬಡ್ತಿ ಸಿಕ್ಕಿ ಬಂದವನು, ಮನೆಗೆ ಹೋಗಲು ಮನಸ್ಸಿಲ್ಲದೆ ಬಂದವನು, ಇವರೆಲ್ಲರೂ ಕೇಳುವುದು ಅದೇ ಪೆಗ್ಗು. ಯಾರ ಬಳಿ ಎರಡು ಮಾತಾಡಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು, ಯಾವಾಗ ಮಸಾಲಾ ಪಾಪಡ್ ಇಟ್ಟು ಕುಡಿತದ ವೇಗ ತಗ್ಗಿಸಬೇಕು, ಯಾವಾಗ "ಸಾಬ್, ಇವತ್ತಿಗೆ ಸಾಕು" ಎನ್ನಬೇಕು ಎಂಬುದು ಒಂದು ಕ್ಷಣದಲ್ಲಿ ತೀರ್ಮಾನವಾಗಬೇಕು. ಆ ಮಾತನ್ನು ಗಿರಾಕಿಗೆ ಅವಮಾನವಾಗದಂತೆ ಹೇಳಬಲ್ಲವನು ಮುಂದೆ ಹೊಟೇಲಿನ ಸ್ವಾಗತ ಕೌಂಟರಿನಲ್ಲಿ, ಔತಣಕೂಟದ ಮಂಟಪದಲ್ಲಿ, ವಿಮಾನದಲ್ಲಿ ಎಲ್ಲಿ ನಿಂತರೂ ಸೋಲುವುದಿಲ್ಲ. ಅತಿಥಿ ಸತ್ಕಾರ ಎಂಬುದರ ಅರ್ಧ ಭಾಗ ಇದೇ ಅಲ್ಲವೇ?

ಮುಂಬಯಿಯಲ್ಲಿ ಬಾರ್ ಬಾಗಿಲು ಹಾಕುವುದು ರಾತ್ರಿ ಒಂದೂವರೆಗೆ. ಅಷ್ಟರಲ್ಲಿ ಕೊನೆಯ ಲೋಕಲ್ ಹೋಗಿರುತ್ತದೆ. ಗ್ಲಾಸು ತೊಳೆದು, ಪುಸ್ತಕ ಬರೆದು, ಮಾಳಿಗೆಯ ಕೋಣೆಯಲ್ಲೋ ಟೇಬಲುಗಳ ನಡುವೆಯೋ ಮಲಗಿದ ತಲೆಮಾರು ನಮ್ಮದೇ.

ಕೌಂಟರಿನಿಂದ ಎದ್ದು ಬಂದವರು

ಸಾರ್ವಜನಿಕವಾಗಿ ಹೆಸರಾದ ಕೆಲವು ಉದಾಹರಣೆಗಳು ಯುವಕರಿಗೆ ಗೊತ್ತಿರಬೇಕು. ದೆಹಲಿಯ ಬಾರ್ ಲೋಕದಲ್ಲಿ ಯಾಂಗ್‌ಡುಪ್ ಲಾಮಾ ಎಂಬ ಹೆಸರು ಪ್ರಸಿದ್ಧ. ಡಾರ್ಜಿಲಿಂಗ್ ಬೆಟ್ಟದಿಂದ ಬಂದು, ದೆಹಲಿಯ ಹಯಾತ್ ರೀಜೆನ್ಸಿ ಹೊಟೇಲಿನ ಬಾರಿನಲ್ಲಿ ಕೆಲಸ ಆರಂಭಿಸಿದ ಇವರು ಮುಂದೆ ಬಾರ್ ತರಬೇತಿ, ಸಲಹೆಗಾರಿಕೆಗಳಲ್ಲಿ ತೊಡಗಿ ಸ್ವಂತ ಬಾರ್ ತೆರೆದರು. ಗ್ರೇಟರ್ ಕೈಲಾಶ್‌ನಲ್ಲಿ ಪಾಲುದಾರರೊಂದಿಗೆ ನಡೆಸಿದ 'ಸೈಡ್‌ಕಾರ್' 2022ರ ಏಷ್ಯಾದ ಐವತ್ತು ಶ್ರೇಷ್ಠ ಬಾರ್‌ಗಳ ಪಟ್ಟಿಯಲ್ಲಿ 14ನೇ ಸ್ಥಾನ ಪಡೆಯಿತು. ಸುರಿಯುವ ಕೈಯೇ ನಡೆಸುವ ಕೈಯಾಗಬಹುದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ನಮ್ಮ ಮುಂಬಯಿಯಲ್ಲೇ ಶತಭಿ ಬಸು ಅವರಿದ್ದಾರೆ. ಭಾರತದ ಮೊದಲ ಮಹಿಳಾ ಬಾರ್‌ಟೆಂಡರ್ ಎಂದು ಗುರುತಿಸಲ್ಪಡುವ ಇವರು ಹೊಟೇಲು ಶಿಕ್ಷಣ ಪಡೆದು 1980ರ ದಶಕದ ಆರಂಭದಲ್ಲಿ, ಹೆಣ್ಣುಮಕ್ಕಳು ಕೌಂಟರಿನ ಹಿಂದೆ ನಿಲ್ಲುವುದನ್ನು ಯಾರೂ ಊಹಿಸದ ಕಾಲದಲ್ಲಿ ಈ ಕೆಲಸಕ್ಕೆ ಬಂದರು. ಬಳಿಕ 'ಸ್ಟರ್' ಎಂಬ ಬಾರ್‌ಟೆಂಡಿಂಗ್ ತರಬೇತಿ ಸಂಸ್ಥೆಯನ್ನೇ ಸ್ಥಾಪಿಸಿದರು.

ಬಾರ್ ಅಲ್ಲದಿದ್ದರೂ ಇದೇ ಏಣಿಯನ್ನು ತಳದ ಮೆಟ್ಟಿಲಿನಿಂದ ಹತ್ತಿದ ನಮ್ಮವರೊಬ್ಬರನ್ನು ಇಲ್ಲಿ ನೆನೆಯಲೇಬೇಕು. ಕಾರ್ಕಳದ ಜಯರಾಮ ಬನಾನ್ ಅವರು ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದು ಪನ್ವೇಲ್ ಬಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದರು, ಅಲ್ಲೇ ವೈಟರ್ ಆದರು, ಮ್ಯಾನೇಜರ್ ಆದರು. 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲನಿಯಲ್ಲಿ 'ಸಾಗರ್' ಆರಂಭಿಸಿದರು. ಸಾಗರ್ ರತ್ನ ಎಂಬ ಹೆಸರು ಉತ್ತರ ಭಾರತದಲ್ಲಿ ಮನೆಮಾತಾಯಿತು. ಪಾತ್ರೆ ತೊಳೆದ ಕತೆಯನ್ನು ಸಮಾಜ ಎಷ್ಟು ಹೆಮ್ಮೆಯಿಂದ ಹೇಳಿಕೊಳ್ಳುತ್ತದೋ ಅಷ್ಟೇ ಹೆಮ್ಮೆಯಿಂದ ಪೆಗ್ ಅಳೆದ ಕತೆಯನ್ನೂ ಹೇಳಿಕೊಳ್ಳುವ ದಿನ ಇನ್ನೂ ಬಂದಿಲ್ಲ.

ಸಂಕೋಚಕ್ಕೂ ಕಾರಣವಿದೆ

ಹಿರಿಯರ ಹಿಂಜರಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ದಿನವಿಡೀ ಮದ್ಯದ ನಡುವೆ ನಿಂತವನು ಸ್ವತಃ ಅದಕ್ಕೆ ಬಲಿಯಾದ ಮನೆಗಳು ನಮ್ಮ ಊರುಗಳಲ್ಲಿವೆ. ಈ ಉದ್ಯೋಗದಲ್ಲಿ ಗೆದ್ದವರು ಹೆಚ್ಚಾಗಿ ತಾವು ಮುಟ್ಟದವರು ಅಥವಾ ಕೆಲಸದ ಹೊತ್ತಿನಲ್ಲಿ ಮುಟ್ಟದವರು ಎಂಬುದನ್ನು ಹಳೆಯ ಮಾಲಕರೆಲ್ಲ ಒಪ್ಪುತ್ತಾರೆ.

ಹೆಸರು ಕೆಡಲು ಇನ್ನೊಂದು ಕಾರಣ ಡಾನ್ಸ್ ಬಾರ್. 2005ರಲ್ಲಿ ರಾಜ್ಯ ಸರಕಾರ ಅವುಗಳನ್ನು ನಿಷೇಧಿಸಿದಾಗ ಅಲ್ಲಿನ ನರ್ತಕಿಯರ ಜೊತೆಗೆ ವೈಟರ್, ಬಾರ್‌ಮ್ಯಾನ್, ಅಡುಗೆಯವರೂ ಬೀದಿಗೆ ಬಿದ್ದರು. ಆ ನಿಷೇಧವನ್ನು 2006ರಲ್ಲಿ ಬೊಂಬಾಯಿ ಹೈಕೋರ್ಟ್ ರದ್ದುಗೊಳಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು. ಸಾಧಾರಣ ಪರ್ಮಿಟ್ ರೂಮಿನಲ್ಲಿ ದುಡಿಯುತ್ತಿದ್ದವನಿಗೂ ಅದರ ಮಸಿ ಅಂಟಿತು.

ಉದ್ಯಮಕ್ಕೆ ಮೇಲಿಂದ ಮೇಲೆ ಪೆಟ್ಟು ಬಿದ್ದದ್ದೂ ಸುಳ್ಳಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದೆಂಬ ಸುಪ್ರೀಂ ಕೋರ್ಟ್ ಆದೇಶ 2017ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಹೆದ್ದಾರಿ ಬದಿಯ ಎಷ್ಟೋ ಬಾರ್‌ಗಳು ಒಂದೇ ರಾತ್ರಿಯಲ್ಲಿ ಮುಚ್ಚಿದವು. ನಗರಸಭೆಗಳ ವ್ಯಾಪ್ತಿಗೆ ವಿನಾಯಿತಿ ಇದೆ ಎಂಬ ಸ್ಪಷ್ಟನೆ ತಿಂಗಳುಗಳ ಬಳಿಕ ಬಂತು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಇಳಿದ ಶಟರು ಅಕ್ಟೋಬರ್ 5ರಂದು ಅರ್ಧ ಸಾಮರ್ಥ್ಯದೊಂದಿಗೆ ಮೇಲೆದ್ದಿತು. ಆ ಆರು ತಿಂಗಳಲ್ಲಿ ಊರಿಗೆ ಹೋದ ಹುಡುಗರಲ್ಲಿ ಹಲವರು ಮರಳಲಿಲ್ಲ. ತೆರಿಗೆ ಮತ್ತು ಪರವಾನಗಿ ಶುಲ್ಕಗಳ ಏರಿಕೆಯನ್ನು ವಿರೋಧಿಸಿ 2025ರ ಜುಲೈ 14ರಂದು ರಾಜ್ಯದ ಬಾರ್‌ಗಳು ಒಂದು ದಿನ ಬಂದ್ ಆಚರಿಸಿದ್ದು ಎಲ್ಲರಿಗೂ ನೆನಪಿದೆ. ಇಷ್ಟೆಲ್ಲ ನೋಡಿದ ಮೇಲೆ "ನನ್ನ ಮಗನಿಗೆ ಈ ಕೆಲಸ ಬೇಡ" ಎನ್ನುವ ಮಾಲಕರೇ ಹೆಚ್ಚು. ಇಂದು ಪರ್ಮಿಟ್ ರೂಮಿನ ಕೌಂಟರಿನಲ್ಲಿ ಕರಾವಳಿಯ ಹುಡುಗನಿಗಿಂತ ಒಡಿಶಾ, ಬಂಗಾಳ, ಉತ್ತರ ಪ್ರದೇಶದ ಹುಡುಗ ಕಾಣಸಿಗುವುದಕ್ಕೆ ಇದೂ ಒಂದು ಕಾರಣ.

ಎಸ್ಸೆಸ್ಸೆಲ್ಸಿ ಎಂಬ ಗೇಟು

ಆದರೂ ಬಂದವರು ಇದ್ದಾರೆ, ಇರುವವರಿಗೆ ಮುಂದಿನ ದಾರಿಯೂ ಇದೆ. ಪಂಚತಾರಾ ಹೊಟೇಲುಗಳಲ್ಲಿ ಬಾರಿನ ಸಹಾಯಕನಾಗಿ ಸೇರಿದವನು ಬಾರ್‌ಟೆಂಡರ್, ಬಾರ್ ಸೂಪರ್‌ವೈಸರ್, ಬಾರ್ ಮ್ಯಾನೇಜರ್ ಆಗಿ ಅಲ್ಲಿಂದ ಇಡೀ ಆಹಾರ-ಪಾನೀಯ ವಿಭಾಗದ ಮುಖ್ಯಸ್ಥನಾಗುವ ಕ್ರಮ ಸ್ಪಷ್ಟವಾಗಿದೆ. ಪ್ರವಾಸಿ ಹಡಗುಗಳಲ್ಲೂ ಇದೇ ಕ್ರಮ. ಹಡಗಿಗೆ ಪಾಸ್‌ಪೋರ್ಟಿನ ಜೊತೆ ಸಿಡಿಸಿ ಎಂಬ ನಾವಿಕರ ಪುಸ್ತಕ ಮತ್ತು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ದುಬೈ, ಬಹ್ರೈನ್‌ಗಳ ಹೊಟೇಲುಗಳು ಅನುಭವಿಗಳನ್ನು ಸದಾ ಹುಡುಕುತ್ತಿರುತ್ತವೆ.

ತೊಡಕು ಎಲ್ಲಿ? ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟು 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಯುಎಇ, ಬಹ್ರೈನ್, ಕತಾರ್ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಲು ಅವನು ವಲಸೆ ಅಧಿಕಾರಿಗಳ ಅನುಮತಿ ಪಡೆಯಬೇಕು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಆ ಗೋಜಿಲ್ಲ. ಹತ್ತು ವರ್ಷ ಪರ್ಮಿಟ್ ರೂಮ್ ನಡೆಸಿದ ಅನುಭವಿ ಹೊರಗೆ ನಿಂತಿರುವಾಗ, ನಿನ್ನೆ ಮೊನ್ನೆ ಕಲಿತ ಹುಡುಗ ಒಂದು ಅಂಕಪಟ್ಟಿಯ ಬಲದಿಂದ ಒಳಗೆ ಹೋಗುತ್ತಾನೆ.

ಹಿಂದಿನವರು ಇದನ್ನು ಅರಿತೇ ರಾತ್ರಿ ಶಾಲೆ ಕಟ್ಟಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್‌ನ ಗುರುನಾರಾಯಣ ರಾತ್ರಿ ಶಾಲೆಗಳಲ್ಲಿ ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ಪಾಟಿ ಹಿಡಿದವರು ಮುಂದೆ ಬ್ಯಾಂಕು, ವಕೀಲಿ, ಉದ್ಯಮಗಳಿಗೆ ಹೋದರು. ಆದರೆ ಒಂದು ವಿಷಯ ಗಮನಿಸಬೇಕು. ರಾತ್ರಿ ಶಾಲೆ ಅನುಕೂಲವಾದದ್ದು ಸಸ್ಯಾಹಾರಿ ಹೊಟೇಲಿನ ಹುಡುಗನಿಗೆ ಮತ್ತು ಕ್ಯಾಂಟೀನಿನವನಿಗೆ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ಬಾರಿನ ವ್ಯಾಪಾರ ಏರುವುದರಿಂದ ಕೌಂಟರಿನ ಹುಡುಗ ಅಂದೂ ಹೊರಗೇ ಉಳಿದ. ಈಗ ಕನ್ನಡ ರಾತ್ರಿ ಶಾಲೆಗಳಲ್ಲಿ ಹಲವು ವಿದ್ಯಾರ್ಥಿಗಳಿಲ್ಲದೆ ಮುಚ್ಚಿವೆ.

ಬಾರ್ ಹುಡುಗನಿಗೆ ಬಿಡುವು ಸಿಗುವುದು ಬೆಳಿಗ್ಗೆ. ಅವನಿಗೆ ಹೊಂದುವ ದಾರಿಗಳು ಈಗ ಎರಡು. ಮಹಾರಾಷ್ಟ್ರ ಮಂಡಳಿಯ 'ಫಾರ್ಮ್ ನಂಬರ್ 17' ತುಂಬಿ ಖಾಸಗಿಯಾಗಿ ಹತ್ತನೇ ತರಗತಿಗೆ ಕುಳಿತುಕೊಳ್ಳಬಹುದು. ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಯನ್ನು ಒಂದೊಂದೇ ವಿಷಯವಾಗಿ ಮುಗಿಸಬಹುದು. ಹನ್ನೆರಡನೇ ತರಗತಿಯನ್ನು ಇಂಗ್ಲಿಷ್ ವಿಷಯದೊಂದಿಗೆ ಪಾಸಾದವರಿಗೆ 1954ರಲ್ಲಿ ಸ್ಥಾಪನೆಯಾದ, ದಾದರ್‌ನಲ್ಲಿರುವ ಕೇಟರಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆಯೂ ತೆರೆದಿದೆ, ಊರಿನ ಬಳಿ ಮಣಿಪಾಲದಲ್ಲೂ ಹೊಟೇಲು ಶಿಕ್ಷಣವಿದೆ. ಓದಿಗೆ ಮರಳಲಾಗದವರಿಗಾಗಿ, ಕೆಲಸದಲ್ಲಿ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ರಮವನ್ನು 2015ರಲ್ಲಿ ಆರಂಭವಾದ ಕೇಂದ್ರದ ಕೌಶಲ ಯೋಜನೆಯಲ್ಲಿ ಸೇರಿಸಲಾಯಿತು. ಬಾರ್ ಕೌಂಟರಿನಲ್ಲಿ ಹತ್ತು ವರ್ಷ ಕಳೆದವನಿಗಾಗಿಯೇ ಮಾಡಿದಂತಿರುವ ಈ ಕ್ರಮದ ಹೆಸರನ್ನು ಕೇಳಿದವರು ನಮ್ಮ ಪರ್ಮಿಟ್ ರೂಮ್‌ಗಳಲ್ಲಿ ಎಷ್ಟು ಮಂದಿ ಇರಬಹುದು!

ಹೆಣ್ಣುಮಕ್ಕಳ ಮಾತನ್ನೂ ಇಲ್ಲೇ ಹೇಳಬೇಕು. ದೆಹಲಿಯಲ್ಲಿ ಜಾರಿಯಲ್ಲಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ ಪ್ರಕಾರ ಮದ್ಯ ಕೊಡುವ ಜಾಗದಲ್ಲಿ ಮಹಿಳೆಯರು ಕೆಲಸ ಮಾಡುವಂತಿರಲಿಲ್ಲ. ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಅನುಜ್ ಗರ್ಗ್ ಪ್ರಕರಣದಲ್ಲಿ ಆ ನಿಯಮವನ್ನು ತೆಗೆದುಹಾಕಿತು. ರಕ್ಷಣೆಯ ಹೆಸರಿನಲ್ಲಿ ಉದ್ಯೋಗ ಕಸಿಯುವುದು ಸರಿಯಲ್ಲ ಎಂಬುದು ಆ ತೀರ್ಪಿನ ಸಾರ. ಹೊಟೇಲು ಮ್ಯಾನೇಜ್‌ಮೆಂಟ್ ಓದುವ ನಮ್ಮ ಹೆಣ್ಣುಮಕ್ಕಳು ತರಬೇತಿಯ ಭಾಗವಾಗಿ ಬಾರಿನಲ್ಲೂ ಕೆಲಸ ಕಲಿಯುತ್ತಾರೆ. ಮನೆಯಲ್ಲಿ ಹೇಳುವುದು ಮಾತ್ರ 'ರೆಸ್ಟೋರೆಂಟ್ ಟ್ರೈನಿಂಗ್' ಎಂದು.

ಇನ್ನುಳಿದದ್ದು ಮಾಲಕರ ಕೈಯಲ್ಲಿರುವ ಕೆಲಸ. 20 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಭವಿಷ್ಯನಿಧಿ ಕಡ್ಡಾಯ. ಅದರ ಖಾತೆಯೇ ಒಂದು ಅನುಭವದ ದಾಖಲೆಯಾಗುತ್ತದೆ. ಅದಕ್ಕಿಂತ ಚಿಕ್ಕ ಪರ್ಮಿಟ್ ರೂಮ್‌ಗಳಲ್ಲಿ ನೇಮಕಾತಿ ಪತ್ರವೂ ಇಲ್ಲ, ಬಿಡುವಾಗ ಅನುಭವ ಪತ್ರವೂ ಇಲ್ಲ. ಎಂಟು ವರ್ಷ ದಾಸ್ತಾನು ಪುಸ್ತಕ ಬರೆದವನು ಪಂಚತಾರಾ ಹೊಟೇಲಿನ ಸಂದರ್ಶನಕ್ಕೆ ಹೋದರೆ ತೋರಿಸಲು ಒಂದು ಹಾಳೆ ಇರುವುದಿಲ್ಲ. ಹೊಟೇಲಿನ ಲೆಟರ್‌ಹೆಡ್ ಮೇಲೆ ಇಂಥವನು ಇಷ್ಟು ವರ್ಷ ಬಾರ್ ಕೌಂಟರು, ದಾಸ್ತಾನು ಮತ್ತು ಅಬಕಾರಿ ಪುಸ್ತಕ ನೋಡಿಕೊಂಡಿದ್ದಾನೆ ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟರೆ, ಹಡಗಿನ ಕಂಪೆನಿಯವರೂ ಕೊಲ್ಲಿಯ ಹೊಟೇಲಿನವರೂ ಮೊದಲು ಕೇಳುವ ಕಾಗದ ಅವನ ಕೈಯಲ್ಲಿರುತ್ತದೆ.